ಹಳೆ ಮನೆಯ ವೈರಿಂಗ್: ಮಳೆಗಾಲದಲ್ಲಿ ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ, ಎಲ್ಲಿಂದ ಹುಡುಕಬೇಕು?

ನಮ್ಮದು ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಹಂಚಿನ ಮನೆ. 1971ರಲ್ಲಿ ಅಜ್ಜ ಕರೆಂಟು ಹಾಕಿಸಿದ್ದರು. ಜೋಗದಲ್ಲಿ 1948ರಲ್ಲೇ ವಿದ್ಯುತ್ ತಯಾರಾಗಲು ಶುರುವಾಗಿತ್ತು, ನಮ್ಮ ಕೇರಿಗೆ ಕಂಬ ಬರುವ ಹೊತ್ತಿಗೆ ಅಷ್ಟು ವರ್ಷ ಹಿಡಿಯಿತು. ಆಗ ಮನೆಯಲ್ಲಿ ಇದ್ದದ್ದು ಐದು ಬಲ್ಬು, ಒಂದು ರೇಡಿಯೊ. ಈಗ ಅದೇ ತಂತಿಯ ಮೇಲೆ ಫ್ರಿಜ್, ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್, ಇನ್ವರ್ಟರ್ ಎಲ್ಲ ಕೂತಿವೆ.

ತೊಂದರೆ ಏನಪ್ಪಾ ಅಂದರೆ, ಜುಲೈ ತಿಂಗಳಲ್ಲಿ ಬರಿಗಾಲಲ್ಲಿ ಫ್ರಿಜ್ ಬಾಗಿಲು ಹಿಡಿದರೆ ಕೈ ಜುಮ್ ಅನ್ನುತ್ತಿತ್ತು. ಬೇಸಿಗೆಯಲ್ಲಿ ಏನೂ ಇಲ್ಲ. ಅಮ್ಮ ನಾಲ್ಕು ಮಳೆಗಾಲ ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯಲ್ಲಿ ಓಡಾಡಿದರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಮಳೆಗಾಲ ಅಲ್ವಾ, ಥಂಡಿಗೆ ಹಾಗೇ ಆಗತ್ತೆ." ಹಾಗೇ ಆಗುವುದಲ್ಲ. ಕಾರಣ ಇಲ್ಲದೆ ಕರೆಂಟು ಮೈಗೆ ಬರುವುದಿಲ್ಲ. ಕೊನೆಗೆ ಗೊತ್ತಾದದ್ದು ಇದು: ದೋಷ ಬೇಸಿಗೆಯಲ್ಲೂ ಅಲ್ಲೇ ಇತ್ತು. ಬೇಸಿಗೆಯಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲ ಒಣಗಿರುತ್ತಿತ್ತು, ಅಷ್ಟೆ. ನೆಲ ಒಣಗಿದ್ದರೆ ಕಾಲಿನ ಮೂಲಕ ಕರೆಂಟು ಇಳಿಯುವುದು ಕಷ್ಟ. ನೆಲ ಬೆವರಿದಾಗ ಸುಲಭವಾಗಿ ಇಳಿಯುತ್ತದೆ.

ಆದ್ದರಿಂದ ನನ್ನ ಮೊದಲ ಮಾತು, ಹಳೆ ಮನೆಯ ವೈರಿಂಗ್ ಪರೀಕ್ಷೆ ಮಾಡಿಸುವುದಾದರೆ ಮಳೆಗಾಲದಲ್ಲೇ ಮಾಡಿಸಿ. ಮಾರ್ಚ್‌ನಲ್ಲಿ ಮಾಡಿಸಿದರೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ.

ಮುಟ್ಟುವ ಮುಂಚೆ

ಮೇನ್ ಸ್ವಿಚ್ ಆಫ್ ಮಾಡಿದ ಕೂಡಲೇ ಮನೆಯೆಲ್ಲ ಸತ್ತಿತು ಅಂದುಕೊಳ್ಳಬೇಡಿ. ಇನ್ವರ್ಟರ್ ಇದ್ದರೆ ಮೇನ್ ಹೋದ ಮರುಕ್ಷಣ ಅದು ಎದ್ದು ಕೂರುತ್ತದೆ, ಲೈಟಿನ ಲೈನುಗಳಲ್ಲಿ ಪೂರ್ತಿ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಇನ್ವರ್ಟರಿನದೇ ಸ್ವಿಚ್ ಆಫ್ ಮಾಡಿ, ಅದರ ಔಟ್‌ಪುಟ್ ಕೂಡ ತೆಗೆಯಿರಿ. ಮೇನ್ ಸ್ವಿಚ್‌ಗಿಂತ ಹಿಂದಿನ ಭಾಗ, ಅಂದರೆ ಮೀಟರ್, ಅದರ ಕಟೌಟ್, ಕಂಬದಿಂದ ಬರುವ ಸರ್ವಿಸ್ ವೈರ್, ಇವು ಯಾವಾಗಲೂ ಜೀವಂತ. ಅಲ್ಲಿ ನೀವೂ ಕೈ ಹಾಕಬೇಡಿ, ನಿಮ್ಮ ಎಲೆಕ್ಟ್ರಿಷಿಯನ್ ಕೂಡ ಹಾಕುವ ಹಾಗಿಲ್ಲ. ಅದು ಲೈನ್‌ಮನ್ ಕೆಲಸ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಟೆಸ್ಟರ್ ಬಗ್ಗೆಯೂ ಹೇಳಬೇಕು. ಆ ಪುಟ್ಟ ನಿಯಾನ್ ದೀಪ ಉರಿಯುವುದು ನಿಮ್ಮ ಮೈಯ ಮೂಲಕ ಹರಿಯುವ ತೀರಾ ಸಣ್ಣ ಕರೆಂಟಿನಿಂದ. ಮರದ ಸ್ಟೂಲಿನ ಮೇಲೆ ನಿಂತು ರಬ್ಬರ್ ಚಪ್ಪಲಿ ಹಾಕಿಕೊಂಡು ಹಗಲು ಬೆಳಕಲ್ಲಿ ನೋಡಿದರೆ ಲೈವ್ ತಂತಿಯಲ್ಲೂ ಅದು ಉರಿದಂತೆ ಕಾಣದಿರಬಹುದು. ಪಕ್ಕದ ತಂತಿಯ ಪ್ರಭಾವಕ್ಕೆ ಸುಮ್ನೆ ಮಿಣುಕುವುದೂ ಉಂಟು. ಹಾಗಾಗಿ ಟೆಸ್ಟರ್ "ಇದೆ" ಅಂದರೆ ನಂಬಿ ದೂರ ಸರಿಯಿರಿ, "ಇಲ್ಲ" ಅಂದರೆ ನಂಬಬೇಡಿ. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಇರಲಿ, ಅದನ್ನೂ ಮೊದಲು ಕರೆಂಟು ಇರುವ ಕಡೆ ಹಿಡಿದು ಕೆಲಸ ಮಾಡುತ್ತಿದೆ ಅಂತ ನೋಡಿಕೊಂಡೇ ಬಳಸಿ.

ಕೆಳಗೆ ಬರೆದಿರುವುದರಲ್ಲಿ ಸ್ವಿಚ್ ಆಫ್ ಮಾಡಿ ನೋಡುವುದು, ಪ್ಲಗ್ ಕೀಳುವುದು, ಗಮನಿಸುವುದು, ಬರೆದಿಡುವುದು, ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಬೋರ್ಡ್ ಬಿಚ್ಚುವುದು, ಫ್ಯೂಸ್ ಜಾಗದಲ್ಲಿ ಬಲ್ಬ್ ಹಾಕುವುದು, ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಯಂತ್ರ) ಹಿಡಿಯುವುದು ಪರ್ಮಿಟ್ ಇರುವ ವೈರ್‌ಮನ್ ಕೆಲಸ. ಆದರೂ ಅದನ್ನೆಲ್ಲ ಬರೆದಿದ್ದೇನೆ. ಬಂದವರು ಸರಿಯಾಗಿ ಹುಡುಕುತ್ತಿದ್ದಾರಾ ಇಲ್ಲವಾ ಅಂತ ಮನೆಯವರಿಗೆ ಗೊತ್ತಾಗಬೇಕು.

ನಿಮ್ಮ ಮನೆಯಲ್ಲಿರುವುದು ಯಾವ ಕಾಲದ ವೈರಿಂಗ್?

ಮರದ ಪಟ್ಟಿಯ ಮೇಲೆ ಸಣ್ಣ ತಗಡಿನ ಕ್ಲಿಪ್ ಹೊಡೆದು ತಂತಿ ಕೂರಿಸಿದ್ದರೆ, ಅಥವಾ ಮರದ ಕೇಸಿಂಗ್ ಮೇಲೆ ಮುಚ್ಚಳ ಹಾಕಿದ್ದರೆ, ತಂತಿಯ ಮೇಲಿರುವುದು ರಬ್ಬರ್ ಆಗಿರುವ ಸಾಧ್ಯತೆ ಜಾಸ್ತಿ. ಕೆಲವದರ ಮೇಲೆ ಹತ್ತಿ ನೂಲಿನ ಹೆಣಿಗೆಯೂ ಇರುತ್ತದೆ. ಈ ರಬ್ಬರ್ ವಯಸ್ಸಾದ ಮೇಲೆ ಗಟ್ಟಿಯಾಗುತ್ತದೆ, ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿದು ಉದುರುತ್ತದೆ. ಅಲುಗಾಡಿಸದೆ ಬಿಟ್ಟರೆ ಇನ್ನೂ ಹತ್ತು ವರ್ಷ ಹಾಗೇ ನಿಂತೀತು, ಒಂದು ಸ್ವಿಚ್ ಬದಲಿಸಲು ಎಳೆದರೆ ಅವತ್ತೇ ಬತ್ತಲಾಗುತ್ತದೆ. ಅದಕ್ಕೇ ಹಳೆ ಮನೆಯಲ್ಲಿ "ಸಣ್ಣ ರಿಪೇರಿ" ಮಾಡಿದ ಮಾರನೇ ದಿನ ಹೊಸ ತೊಂದರೆ ಶುರುವಾಗುವುದು.

ಬೆಳ್ಳಿ ಬಣ್ಣದ ಒಂಟಿ ಗಟ್ಟಿ ತಂತಿ ಕಂಡರೆ ಅದು ಅಲ್ಯೂಮಿನಿಯಂ ಇರಬಹುದು. ಇದರ ತೊಂದರೆ ಎಲ್ಲ ಜಾಯಿಂಟ್‌ಗಳಲ್ಲಿ. ಸ್ಕ್ರೂ ಅಡಿಯಲ್ಲಿ ಒತ್ತಿದ ಅಲ್ಯೂಮಿನಿಯಂ ನಿಧಾನವಾಗಿ ಚಪ್ಪಟೆಯಾಗಿ ಸಡಿಲವಾಗುತ್ತದೆ, ಮೇಲೆ ಕರೆಂಟು ಹರಿಯದ ಒಂದು ಪದರ ಕಟ್ಟುತ್ತದೆ. ಅದಕ್ಕೆ ತಾಮ್ರದ ತಂತಿ ಸುಮ್ನೆ ಸುತ್ತಿ ಟೇಪ್ ಹಾಕಿದ್ದರಂತೂ ತೇವ ಸೇರಿದ ಕೂಡಲೇ ತಿಂದುಹೋಗುತ್ತದೆ. ತವರ ಲೇಪಿಸಿದ ಹಳೆ ತಾಮ್ರವೂ ಬೆಳ್ಳಗೇ ಕಾಣುವುದರಿಂದ, ತುದಿ ಕೆರೆದು ಒಳಗೆ ಕೆಂಪು ಇದೆಯಾ ಅಂತ ನೋಡಬೇಕು.

ಬೋರ್ಡಿನಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್‌ಗಳು ಎಷ್ಟಿವೆ ಎಣಿಸಿ. ಬಹಳ ಹಳೆ ಬೋರ್ಡುಗಳಲ್ಲಿ ಫೇಸ್‌ಗೊಂದು (ಕರೆಂಟು ಬರುವ ತಂತಿ), ನ್ಯೂಟ್ರಲ್‌ಗೊಂದು (ಕರೆಂಟು ವಾಪಸ್ ಹೋಗುವ ತಂತಿ) ಫ್ಯೂಸ್ ಇರುತ್ತದೆ. ಇದು ನಿಜಕ್ಕೂ ಅಪಾಯ. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪ ಆರುತ್ತದೆ, ಕರೆಂಟು ಹೋಗಿದೆ ಅಂತ ಅನ್ನಿಸುತ್ತದೆ, ಆದರೆ ಮನೆಯ ಎಲ್ಲ ಫೇಸ್ ತಂತಿಗಳೂ ಲೈವ್ ಆಗೇ ಇರುತ್ತವೆ. ನ್ಯೂಟ್ರಲ್‌ನಲ್ಲಿ ಫ್ಯೂಸ್ ಇದ್ದರೆ ಅದನ್ನು ತೆಗೆಸಿ ಲಿಂಕ್ (ಫ್ಯೂಸ್ ಇಲ್ಲದ ನೇರ ಲೋಹದ ಜೋಡಣೆ) ಹಾಕಿಸುವುದು ಒಂದು ಗಂಟೆಯ ಕೆಲಸವೂ ಅಲ್ಲ. ಮೊದಲು ಅದನ್ನು ಮಾಡಿಸಿ.

ಫ್ರಿಜ್ ಜುಮ್ ಅನ್ನುವುದು: ಮೂರು ಹಂತದ ಪರೀಕ್ಷೆ

ಕೈಯಿಂದ ಮುಟ್ಟಿ ನೋಡಬೇಡಿ. ಫ್ರಿಜ್ಜಿನ ಬಣ್ಣ ಹೋದ ಜಾಗಕ್ಕೆ ಅಥವಾ ಹಿಂದಿನ ಸ್ಕ್ರೂಗೆ ಟೆಸ್ಟರ್ ಹಿಡಿಯಿರಿ. ಮೊದಲು ಸ್ವಿಚ್ ಆನ್ ಇದ್ದಾಗ. ಆಮೇಲೆ ಪ್ಲಗ್ ಹಾಗೇ ಇಟ್ಟು ಸ್ವಿಚ್ ಮಾತ್ರ ಆಫ್ ಮಾಡಿ. ಕೊನೆಗೆ ಪ್ಲಗ್ ಪೂರ್ತಿ ಕಿತ್ತು.

ಸ್ವಿಚ್ ಆಫ್ ಮಾಡಿದ ಕೂಡಲೇ ಟೆಸ್ಟರ್ ಆರಿದರೆ ಸೋರಿಕೆ ಫ್ರಿಜ್ಜಿನೊಳಗೇ ಇದೆ, ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸಬೇಕಾದ ಅರ್ಥ್ ತಂತಿ ಸಾಕೆಟ್ಟಿನಲ್ಲಿ ಇಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಲ್ಯಾಪ್‌ಟಾಪಿನ ಲೋಹದ ಮೈ, ಟಿವಿ, ಕಂಪ್ಯೂಟರ್ ಕ್ಯಾಬಿನೆಟ್ ಕೂಡ ವರ್ಷಪೂರ್ತಿ ಸಣ್ಣಗೆ ಜುಮ್ ಅನ್ನುತ್ತವೆ. ಅವುಗಳೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಚೂರು ಕರೆಂಟನ್ನು ಅರ್ಥ್‌ಗೆ ಬಿಡುವ ಹಾಗೇ ಮಾಡಿರುತ್ತಾರೆ, ಅರ್ಥ್ ಇಲ್ಲದಿದ್ದರೆ ಅದು ಮೈಗೆ ಬರುತ್ತದೆ. ಎಲ್ಲ ಕಾಲದಲ್ಲೂ ಒಂದೇ ಸಮ ಜುಮ್ ಅಂದರೆ ಮೊದಲು ಅರ್ಥ್ ಮೇಲೆ ಅನುಮಾನ ಪಡಿ.

ಸ್ವಿಚ್ ಆಫ್ ಮಾಡಿದರೂ ಟೆಸ್ಟರ್ ಉರಿಯುತ್ತಿದ್ದು, ಪ್ಲಗ್ ಕಿತ್ತ ಮೇಲೆ ಮಾತ್ರ ಆರಿದರೆ ವಿಷಯ ಗಂಭೀರ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ, ಹಾಗಾಗಿ ಆಫ್ ಆದರೂ ಫೇಸ್ ಫ್ರಿಜ್ಜಿನೊಳಗೆ ಕೂತಿದೆ. ಎರಡು, ಕರೆಂಟು ಅರ್ಥ್ ಪಿನ್ನಿನಿಂದಲೇ ಒಳಗೆ ಬರುತ್ತಿದೆ. ಯಾವುದು ಅಂತ ತಿಳಿಯಲು ಪ್ಲಗ್ ಕಿತ್ತು, ಸ್ವಿಚ್ ಆಫ್ ಇಟ್ಟು, ಸಾಕೆಟ್ಟಿನ ಮೂರು ತೂತುಗಳನ್ನೂ ನೋಡಬೇಕು. ಎದುರಿಗೆ ನಿಂತಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ಥ್. ಆಫ್ ಇದ್ದಾಗ ಈ ಮೂರರಲ್ಲಿ ಯಾವುದರಲ್ಲೂ ಟೆಸ್ಟರ್ ಉರಿಯಬಾರದು. ಮೇಲಿನ ತೂತಿನಲ್ಲಿ ಉರಿದರೆ ಆಗಲೇ ಮೇನ್ ಆಫ್ ಮಾಡಿ, ಬೇರೆ ಯೋಚನೆ ಬೇಡ.

ನಮ್ಮಲ್ಲಿ ಮೇಲಿನ ತೂತಿನಲ್ಲಿ ಸಣ್ಣಗೆ ಉರಿಯುತ್ತಿತ್ತು, ಅಮ್ಮ ಪಕ್ಕದಲ್ಲಿ ಮಿಕ್ಸಿ ಹಾಕಿದರೆ ಜೋರಾಗುತ್ತಿತ್ತು. ಈ ಮಿಕ್ಸಿ ವಿಷಯವೇ ದಾರಿ ತೋರಿಸಿದ್ದು. ಬೋರ್ಡ್ ಬಿಚ್ಚಿದರೆ ಸಾಕೆಟ್ಟಿನ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಎರಡು ಇಂಚಿನ ಒಂದು ತುಂಡು ತಂತಿ. ಮೂರು ಪಿನ್ನಿನ ಸಾಕೆಟ್ ಹಾಕಿದವರು ಅರ್ಥ್ ತಂತಿ ಎಳೆಯುವ ಬದಲು ಹೀಗೆ ಮಾಡಿ ಹೋಗಿದ್ದರು. ನ್ಯೂಟ್ರಲ್ ಗಟ್ಟಿ ಇರುವವರೆಗೂ ಇದರಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಅಟ್ಟದ ಮೇಲೆ ಒಡೆದ ಹಂಚಿನ ಕೆಳಗೆ ಆ ಲೈನಿನ ನ್ಯೂಟ್ರಲ್ ಜಾಯಿಂಟ್ ಇತ್ತು. ವರ್ಷಗಟ್ಟಲೆ ನೀರು ತೊಟ್ಟಿಕ್ಕಿ ಟೇಪ್ ಕೊಳೆತು, ತಾಮ್ರ ಹಸಿರು ಕಟ್ಟಿ, ಎರಡು ಎಳೆ ಮಾತ್ರ ಹಿಡಿದುಕೊಂಡಿದ್ದವು. ಮಿಕ್ಸಿಯ ಕರೆಂಟು ವಾಪಸ್ ಹೋಗಲು ಆ ಜಾಯಿಂಟ್ ದಾರಿ ಕೊಡದಿದ್ದಾಗ ಅದರ ಈಚೆಗಿನ ನ್ಯೂಟ್ರಲ್ ಪೂರ್ತಿ ಲೈವ್ ಆಗುತ್ತಿತ್ತು, ಆ ತುಂಡು ತಂತಿಯ ಮೂಲಕ ಫ್ರಿಜ್ಜಿನ ಮೈಗೆ ಬರುತ್ತಿತ್ತು. ಆ ಎರಡು ಎಳೆಯೂ ಹರಿದಿದ್ದರೆ ಫ್ರಿಜ್ಜಿನ ಬಾಗಿಲಿಗೆ ಹತ್ತಿರ ಹತ್ತಿರ 230 ವೋಲ್ಟ್ ಬರುತ್ತಿತ್ತು, ಫ್ಯೂಸ್ ಹೋಗುತ್ತಲೂ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ನಡುಗುತ್ತದೆ. ದಯವಿಟ್ಟು ನಿಮ್ಮ ಮನೆಯ ಮೂರು ಪಿನ್ನಿನ ಸಾಕೆಟ್‌ಗಳನ್ನು ಒಮ್ಮೆ ಬಿಚ್ಚಿಸಿ ನೋಡಿ. ಆ ತುಂಡು ತಂತಿ ಕಂಡರೆ ಕತ್ತರಿಸಿ ಹಾಕಿಸಿ. ಸುಳ್ಳು ಅರ್ಥ್‌ಗಿಂತ ಅರ್ಥ್ ಇಲ್ಲದಿರುವುದೇ ವಾಸಿ.

ಪದೇ ಪದೇ ಫ್ಯೂಸ್ ಹೋಗುವುದು

ಎಲ್ಲರೂ ಮಾಡುವ ತಪ್ಪು ಗೊತ್ತೇ ಇದೆ. ಫ್ಯೂಸ್ ವೈರ್ ಸಿಗಲಿಲ್ಲ ಅಂತ ಯಾವುದೋ ವೈರಿನ ನಾಲ್ಕು ಎಳೆ ತಿರುಚಿ ಕಟ್ಟುತ್ತಾರೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ, ನಿಜ. ಗೋಡೆಯೊಳಗಿನ ತಂತಿ ಹೋಗುತ್ತದೆ. ಸರಿಯಾದ ಫ್ಯೂಸ್ ವೈರ್ ಕಟ್ಟಿದರೂ ಅದು ಹೇಳಿದ ಆಂಪಿಯರ್‌ಗೆ ಕರಗುವುದಿಲ್ಲ, ಸುಮಾರು ದುಪ್ಪಟ್ಟು ಬೇಕು. ಅದೇ ಒಂದು ದೊಡ್ಡ ಸಡಿಲಿಕೆ, ಅದರ ಮೇಲೆ ದಪ್ಪ ತಂತಿ ಕಟ್ಟಿದರೆ ಕಾಪಾಡುವವರು ಯಾರೂ ಇಲ್ಲ.

ಹುಡುಕಲು ಹಳೆಯ, ಆದರೆ ಇವತ್ತಿಗೂ ಒಳ್ಳೆಯ ಉಪಾಯ ಸೀರೀಸ್ ಬಲ್ಬು. ಫ್ಯೂಸ್ ತೆಗೆದ ಜಾಗದಲ್ಲಿ ಒಂದು 100 ವ್ಯಾಟ್ ಹಳೆ ಕಾಲದ ಬಲ್ಬು ಸೇರಿಸುವುದು. ಎಲ್‌ಇಡಿ ಆಗುವುದಿಲ್ಲ, ತಂತಿಯ ಬಲ್ಬೇ ಬೇಕು. ಆ ಲೈನಿನ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆಫ್ ಮಾಡಿ ಮೇನ್ ಹಾಕಿದಾಗ ಬಲ್ಬು ಪೂರ್ತಿ ಬೆಳಗಿದರೆ ತಂತಿಯಲ್ಲೇ ಶಾರ್ಟ್ ಇದೆ. ಉರಿಯದಿದ್ದರೆ ಲೈನ್ ಅಷ್ಟರಮಟ್ಟಿಗೆ ಸರಿ, ಈಗ ಒಂದೊಂದೇ ಸ್ವಿಚ್ ಹಾಕುತ್ತ ಹೋಗಿ. ಯಾವ ಸ್ವಿಚ್ಚಿಗೆ ಬಲ್ಬು ಒಮ್ಮೆಲೇ ಪೂರ್ತಿ ಬೆಳಗುತ್ತದೋ ದೋಷ ಆ ಕವಲಿನಲ್ಲಿದೆ. ಬಲ್ಬು ಮಧ್ಯದಲ್ಲಿ ಇರುವುದರಿಂದ ಶಾರ್ಟ್ ಆದರೂ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಹರಿಯುವುದಿಲ್ಲ, ಕಿಡಿ ಹಾರುವುದಿಲ್ಲ, ಫ್ಯೂಸ್ ಸುಡುವುದಿಲ್ಲ. ತಂತಿಯಲ್ಲೇ ಶಾರ್ಟ್ ಇದ್ದರೆ ಮೊದಲು ನೋಡಬೇಕಾದ್ದು ಸೀಲಿಂಗ್ ರೋಸ್ (ಮಾಡಿನಿಂದ ದೀಪ, ಫ್ಯಾನಿಗೆ ತಂತಿ ಇಳಿಯುವ ದುಂಡು ಡಬ್ಬಿ), ಬಲ್ಬ್ ಹೋಲ್ಡರ್, ತಂತಿ ಗೋಡೆ ದಾಟುವ ತೂತು, ಇಲಿ ಓಡಾಡುವ ಅಟ್ಟ. ಇಲಿ ಕಡಿದ ಕಡೆ ಅದರ ಹಿಕ್ಕೆಯೂ ಬಿದ್ದಿರುತ್ತದೆ, ಟಾರ್ಚ್ ಹಿಡಿದರೆ ಸಾಕು.

ಸಂಜೆ ಹೊತ್ತು ಮಾತ್ರ, ಎಲ್ಲ ಒಟ್ಟಿಗೆ ಓಡುವಾಗ ಫ್ಯೂಸ್ ಹೋದರೆ ಅದು ಶಾರ್ಟ್ ಅಲ್ಲ, ಭಾರ ಜಾಸ್ತಿ ಆದದ್ದು. ಲೆಕ್ಕ ಸುಲಭ. ವ್ಯಾಟ್‌ಗಳನ್ನು ಕೂಡಿಸಿ 230ರಿಂದ ಭಾಗಿಸಿ. 2000 ವ್ಯಾಟಿನ ಇಂಡಕ್ಷನ್ ಒಲೆ ಒಂದೇ 8.7 ಆಂಪಿಯರ್ ಎಳೆಯುತ್ತದೆ. ಲೈಟಿಗೆ ಅಂತ ಎಳೆದ 5 ಆಂಪಿಯರ್ ಲೈನಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಬೋರ್ಡ್ ಬಿಸಿ, ದೀಪ ಮಿಣುಕುವುದು, ವಾಸನೆ

ದೀಪ ಮಿಣುಕುವುದು ಒಂದು ಕೋಣೆಯಲ್ಲಾ, ಇಡೀ ಮನೆಯಲ್ಲಾ, ಪಕ್ಕದ ಮನೆಯಲ್ಲೂನಾ ಅಂತ ಮೊದಲು ನೋಡಿ. ಪಕ್ಕದ ಮನೆಯಲ್ಲೂ ಇದ್ದರೆ ಕಂಬದ ಕಡೆ ದೋಷ. ನಿಮ್ಮ ಮನೆಯಲ್ಲಿ ಮಾತ್ರ, ಆದರೆ ಎಲ್ಲ ಕೋಣೆಯಲ್ಲೂ ಅಂದರೆ ಮೇನ್ ಸ್ವಿಚ್ ಅಥವಾ ಸರ್ವಿಸ್ ವೈರಿನ ಜಾಯಿಂಟ್. ಮೂರು ಫೇಸ್ ಇರುವ ಮನೆಯಲ್ಲಿ ಒಂದು ಕಡೆ ದೀಪ ಮಂಕಾಗಿ, ಇನ್ನೊಂದು ಕಡೆ ವಿಪರೀತ ಪ್ರಕಾಶವಾಗಿ ಉರಿದರೆ ನ್ಯೂಟ್ರಲ್ ಕಡಿದಿದೆ. ತಡ ಮಾಡದೆ ಮೇನ್ ಆಫ್ ಮಾಡಿ. ಇಲ್ಲದಿದ್ದರೆ ಟಿವಿ, ಫ್ರಿಜ್ ಎಲ್ಲ ಸುಟ್ಟು ಹೋಗುತ್ತವೆ.

ಒಂದು ಬೋರ್ಡ್ ಮಾತ್ರ ಬಿಸಿಯಾದರೆ ಲೂಸ್ ಕಾಂಟ್ಯಾಕ್ಟ್. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಒಂದು ಲೆಕ್ಕ ಕೊಡುತ್ತೇನೆ. ಸಡಿಲ ಜಾಯಿಂಟಿನಲ್ಲಿ ಅರ್ಧ ಓಮ್ ಅಡ್ಡಿ ಇದೆ ಅಂದುಕೊಳ್ಳಿ. 2000 ವ್ಯಾಟಿನ ಗೀಸರ್ ಓಡುವಾಗ 8.7ನ್ನು 8.7ರಿಂದ ಗುಣಿಸಿ, ಅದರ ಅರ್ಧ ತೆಗೆದುಕೊಂಡರೆ ಸುಮಾರು 38 ವ್ಯಾಟ್. ರೇಡಿಯೊ ರಿಪೇರಿಯವರು ಬಳಸುವ ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದು, ಅದು ಸೀಸವನ್ನು ಕರಗಿಸುತ್ತದೆ. ಅದಕ್ಕಿಂತ ಜಾಸ್ತಿ ಶಾಖ ನಿಮ್ಮ ಒಣ ಮರದ ಬೋರ್ಡಿನೊಳಗೆ, ಮುಚ್ಚಿದ ಜಾಗದಲ್ಲಿ, ಅರ್ಧ ಗಂಟೆ ಉರಿಯುತ್ತಿದೆ. ಇದಕ್ಕೆ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ (ಫ್ಯೂಸ್ ಬದಲು ಹಾಕುವ, ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಬೀಳುವುದಿಲ್ಲ, ಯಾಕೆಂದರೆ ಹರಿಯುತ್ತಿರುವ ಕರೆಂಟು ಸರಿಯಾದ ಅಳತೆಯದ್ದೇ. ಮೂಗೇ ನಿಮಗೆ ಹೇಳಬೇಕು. ಬ್ಯಾಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಸ್ವಿಚ್, ಸಾಕೆಟ್ ಸುಡುವಾಗ ಹಸಿ ಮೀನಿನಂಥ ವಾಸನೆ ಬರುತ್ತದೆ. ಮೀನು ಮಾಡದ ಮನೆಯಲ್ಲಿ ಆ ವಾಸನೆ ಬಂದರೆ ಹುಡುಕದೆ ಮಲಗಬೇಡಿ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬು ರಾತ್ರಿ ಮಿಣಿ ಮಿಣಿ ಉರಿಯುವುದು ಬಹಳ ಜನರ ದೂರು. ಸ್ವಿಚ್ ನ್ಯೂಟ್ರಲ್‌ಗೆ ಬಿದ್ದಿರಬಹುದು, ಇಲ್ಲವೇ ಉದ್ದ ತಂತಿಗಳು ಅಕ್ಕಪಕ್ಕ ಓಡಿ ಚೂರು ಕರೆಂಟು ದಾಟುತ್ತಿರಬಹುದು. ಮಳೆಗಾಲದಲ್ಲಿ ಮಾತ್ರ ಉರಿದರೆ ಸ್ವಿಚ್ ಬೋರ್ಡಿನ ಮರ ತೇವ ಕುಡಿದಿದೆ.

ಇನ್ಸುಲೇಷನ್ ಎಷ್ಟು ಉಳಿದಿದೆ?

ಇದಕ್ಕೆ ಮೆಗ್ಗರ್ ಬೇಕು. 500 ವೋಲ್ಟ್ ಕೊಟ್ಟು ತಂತಿಯ ಮೈಯಿಂದ ಎಷ್ಟು ಸೋರುತ್ತದೆ ಅಂತ ಅಳೆಯುವ ಯಂತ್ರ ಅದು. ಮೇನ್ ಆಫ್ ಇರಬೇಕು, ಇನ್ವರ್ಟರ್ ತಂತಿ ಬಿಚ್ಚಿರಬೇಕು, ಎಲ್ಲ ಪ್ಲಗ್, ಎಲ್ಲ ಎಲ್‌ಇಡಿ ತೆಗೆದಿರಬೇಕು. ಇಲ್ಲದಿದ್ದರೆ 500 ವೋಲ್ಟಿಗೆ ಅವು ಹಾಳಾಗುತ್ತವೆ. ಸ್ವಿಚ್‌ಗಳು ಮಾತ್ರ ಆನ್ ಇರಲಿ, ಆಗಲೇ ಕೊನೆಯವರೆಗಿನ ತಂತಿ ಲೆಕ್ಕಕ್ಕೆ ಬರುವುದು. ಬಹುಕಾಲದಿಂದ ಬಂದ ನಿಯಮ, 50ನ್ನು ಮನೆಯ ಪಾಯಿಂಟುಗಳಿಂದ ಭಾಗಿಸಿದರೆ ಬರುವಷ್ಟು ಮೆಗಾಓಮ್ ಇರಬೇಕು. 25 ಪಾಯಿಂಟ್ ಇದ್ದರೆ 2. ಎಷ್ಟೇ ದೊಡ್ಡ ಮನೆಯಾದರೂ 1ಕ್ಕಿಂತ ಕೆಳಗೆ ಇಳಿಯಬಾರದು. ನಮ್ಮ ಬಚ್ಚಲುಮನೆಯ ಲೈನು ಆಗಸ್ಟ್‌ನಲ್ಲಿ 0.1 ತೋರಿಸಿತು. ಅದೇ ಲೈನು ಏಪ್ರಿಲ್‌ನಲ್ಲಿ 3 ತೋರಿಸಿತ್ತು.

ಆರ್‌ಸಿಸಿಬಿ ಹಾಕಿದ ಮೇಲೆ ನಿಲ್ಲುವುದೇ ಇಲ್ಲ

ಆರ್‌ಸಿಸಿಬಿ ಅಂದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್. ಹಳೆ ಮನೆಗೆ 30 ಮಿಲಿಆಂಪಿಯರಿನದು ಹಾಕಿದರೆ ಮೊದಲ ದಿನವೇ ಬೀಳಲು ಶುರುವಾಗಬಹುದು. ಎಷ್ಟೋ ಕಡೆ "ನಿಮ್ಮ ಮನೆಗೆ ಇದು ಆಗಲ್ಲ" ಅಂತ ತೆಗೆದು ಹಾಕುತ್ತಾರೆ. ಖಂಡಿತ ಬಿಡಬೇಡಿ. ಎಂಸಿಬಿ ಕಾಪಾಡುವುದು ತಂತಿಯನ್ನು, ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಹೋದಷ್ಟು ಕರೆಂಟು ವಾಪಸ್ ಬರುತ್ತಿಲ್ಲ ಅಂತ.

ಎಂಸಿಬಿಗಳನ್ನೆಲ್ಲ ಕೆಳಗೆ ಮಾಡಿ ಒಂದೊಂದೇ ಏರಿಸಿ. ಒಂದನ್ನು ಏರಿಸಿದಾಗ ಬಿದ್ದರೆ ಆ ಲೈನಿನ ಫೇಸ್ ಸೋರುತ್ತಿದೆ. ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ, ಅಥವಾ ಯಾವುದೇ ದೊಡ್ಡ ಯಂತ್ರ ಹಾಕಿದಾಗ ಬಿದ್ದರೆ, ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ಒಂದಕ್ಕೊಂದು ತಾಗಿವೆ. ಒಂಟಿ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ಲನ್ನು ಕಡಿಯುವುದಿಲ್ಲ, ಅದಕ್ಕೇ ಎಲ್ಲ ಕೆಳಗೆ ಮಾಡಿದರೂ ದೋಷ ಒಳಗೇ ಇರುತ್ತದೆ. ಆಗ ಮೇನ್ ತೆಗೆದು ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ತಂತಿ ಬಿಚ್ಚಿ ನೋಡುವುದೊಂದೇ ದಾರಿ. ನಾನು ಮೇಲೆ ಹೇಳಿದ ತುಂಡು ತಂತಿ ಇನ್ನೆರಡು ಸಾಕೆಟ್ಟಿನಲ್ಲಿದ್ದದ್ದು ನಮಗೆ ಸಿಕ್ಕಿದ್ದು ಹೀಗೆಯೇ. ಇನ್ವರ್ಟರ್ ಮೇಲಿನ ದೀಪ ಹಾಕಿದಾಗ ಮಾತ್ರ ಬಿದ್ದರೆ ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಗಿಂತ ಹಿಂದೆ ಸೇರಿಸಿದ್ದಾರೆ.

ದುಡ್ಡು ಒಮ್ಮೆಗೇ ಇಲ್ಲದಿದ್ದರೆ

ರಬ್ಬರ್ ತಂತಿಯ ಮನೆಗೆ ಪೂರ್ತಿ ಹೊಸ ವೈರಿಂಗೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡಿಕೆ ಮಾರುವವರೆಗೂ ಕಾಯಬೇಕಾದ ಮನೆಗಳು ಎಷ್ಟೋ ಇವೆ. ನಾವು ಮಾಡಿದ ಕ್ರಮ ಹೇಳುತ್ತೇನೆ. ಮೊದಲ ವಾರ ಅರ್ಥ್ ಗುಂಡಿ, ಆರ್‌ಸಿಸಿಬಿ, ನ್ಯೂಟ್ರಲ್ ಫ್ಯೂಸ್ ತೆಗೆಯುವುದು. ಅರ್ಥ್‌ಗೆ ಎರಡೂವರೆ ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು, ಬಚ್ಚಲ ನೀರು ಹರಿಯುವ ಕಡೆ ಜಾಗ ಮಾಡಿ, ತೇವ ತಾನಾಗಿ ಉಳಿಯುತ್ತದೆ. ಬೇರೆ ಕಡೆ ಇದ್ದರೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಆಮೇಲೆ ಅಡುಗೆಮನೆ, ಬಚ್ಚಲುಮನೆಗೆ ಪೈಪಿನಲ್ಲಿ ಹೊಸ ಲೈನ್, ಹಳೆಯದನ್ನು ಮುಟ್ಟದೆ. ಲೈಟಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗಿಗೆ 2.5, ಗೀಸರಿಗೆ 4, ಎಲ್ಲವೂ ತಾಮ್ರ, ಪ್ರತಿಯೊಂದರ ಜೊತೆ ಹಸಿರು ಅರ್ಥ್ ತಂತಿ. ಹಳೆ ತಂತಿಯ ಮೇಲೆ ಉಳಿದದ್ದು ಜಗುಲಿ, ಕೋಣೆಗಳ ದೀಪ ಮಾತ್ರ, ಅವಕ್ಕೆ 6 ಆಂಪಿಯರ್ ಎಂಸಿಬಿ. ಎಲ್‌ಇಡಿ ಆದ್ದರಿಂದ ಅವುಗಳ ಭಾರ ಈಗ ಅಜ್ಜನ ಕಾಲಕ್ಕಿಂತ ಕಡಿಮೆ. ಅವನ್ನು ಮುಂದಿನ ವರ್ಷ ಬದಲಿಸುತ್ತೇವೆ.

ಒಡೆದ ಹಂಚನ್ನು ಎಲ್ಲಕ್ಕಿಂತ ಮೊದಲು ಬದಲಿಸಿದೆವು. ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ಪ್ರತಿ ತಿಂಗಳ ಒಂದನೇ ತಾರೀಕು ಅಮ್ಮನೇ ಒತ್ತುತ್ತಾರೆ. ಈ ಜುಲೈನಲ್ಲಿ ಫ್ರಿಜ್ಜಿನ ಹಿಂದಿನ ಸ್ಕ್ರೂಗೆ ನಾನು ಟೆಸ್ಟರ್ ಹಿಡಿದು ನೋಡಿದೆ, ಮಿಕ್ಸಿ ಓಡುತ್ತಿರುವಾಗಲೂ ನೋಡಿದೆ. ಉರಿಯಲಿಲ್ಲ. ಮಲ್ಟಿಮೀಟರ್ ಹಿಡಿದು ಅದನ್ನೂ ಖಾತ್ರಿ ಮಾಡಿಕೊಂಡೆ.